ಧಾತ್ರಿಯ ತೂಕ

ನಮ್ಮೂರಿನಲ್ಲಿ ಮಧ್ಯಾಹ್ನದ ಗಾಳಿ ಏಳುವ ಹೊತ್ತಿಗೆ ಮಕ್ಕಳಿರುವ ಮನೆಯವರು ಯಾರೂ ಜಗಳ ತೆಗೆಯುವುದಿಲ್ಲ. ಹಾಲು ಉಕ್ಕಿರಲಿ, ಮಗು ಶಾಯಿ ಚೆಲ್ಲಿರಲಿ, ಹೊಸ ಚಪ್ಪಲಿ ಕಳೆದುಕೊಂಡು ಬಂದಿರಲಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸಂಜೆಯವರೆಗೆ ಕಾಯುತ್ತಾರೆ. ಸಂಜೆ ಗಾಳಿ ಇಳಿದ ಮೇಲೆ ಹೀನಾಯವಾಗಿ ಏನಾದರೂ ಅಂದರೂ ಮಗು ಹಗುರಾಗಿ ಹೆಚ್ಚೆಂದರೆ ಅಟ್ಟದವರೆಗೆ ಏಳುತ್ತದೆ, ಸ್ಟೂಲು ಹಾಕಿಕೊಂಡು ಇಳಿಸಿಕೊಳ್ಳಬಹುದು. ಮಧ್ಯಾಹ್ನ ಹಾಗೆ ಅಂದುಬಿಟ್ಟರೆ ಊರಾಚೆಯ ಬಲೆಯವರೆಗೆ ಓಡಬೇಕು.

ಹೊರಗಿನಿಂದ ಬಂದವರು ಕಣ್ಣರಳಿಸಿಕೊಂಡು ನೋಡುತ್ತಾರೆ. ನಮಗೆ ಅಭ್ಯಾಸ. ಹೆಸರಿಡುವಾಗಲೇ ಭಾರವಾದದ್ದನ್ನು ಹುಡುಕುತ್ತೇವೆ: ಬೆಟ್ಟಪ್ಪ, ಗುಂಡಮ್ಮ, ಕಲ್ಲೇಶ, ಗಿರಿಜೆ, ಭೂದೇವಿ. ಊರಿನ ಮೂಡಲ ಅಂಚಿಗೆ, ಕೊರಕಲು ಶುರುವಾಗುವ ಮೊದಲು, ತೆಂಗಿನ ಮರದಷ್ಟು ಎತ್ತರದ ಕಂಬಗಳಿಗೆ ಬಲೆ ಕಟ್ಟಿದ್ದೇವೆ. ಅದಕ್ಕೊಬ್ಬ ಕಾವಲುಗಾರನಿದ್ದಾನೆ, ಕಂಬಯ್ಯ. ಮಾವಿನಕಾಯಿ ಕೀಳುವಂಥ ಉದ್ದನೆಯ ದೋಟಿಯಿಂದ ಅಂಗಿಯ ಕಾಲರಿಗೆ ಕೊಕ್ಕೆ ಹಾಕಿ ಮಕ್ಕಳನ್ನು ಇಳಿಸುವುದು ಅವನ ಕೆಲಸ. ನಾನು ಶೈಲಮ್ಮ, ಹೊಲಿಗೆಯವಳು. ಮಕ್ಕಳ ಬಟ್ಟೆಗೆ ಒಳಗಡೆ ಕಲ್ಲು ಹಾಕುವ ಜೇಬು ಹೊಲಿಯುವುದು ನನ್ನ ಕೆಲಸ. ಹದಿನಾರರ ಹೊತ್ತಿಗೆ ಬಹಳ ಜನರ ಕಾಲು ನೆಲ ಕಚ್ಚುತ್ತದೆ, ಆಮೇಲೆ ಯಾರು ಏನಂದರೂ ಏಳುವುದಿಲ್ಲ. ಕಚ್ಚದೆ ಉಳಿದವರನ್ನು ಗಾಳಿಯಿಲ್ಲದ ತಗ್ಗಿನ ಊರುಗಳಿಗೆ, ಯಾರಾದರೂ ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ಹಾಗೆ ಹೋದವರು ಹಬ್ಬಕ್ಕೂ ಬರುವುದಿಲ್ಲ. ಅವರ ಹೆಸರನ್ನು ಮನೆಯವರು ಮೆಲ್ಲಗೆ ಹೇಳುತ್ತಾರೆ.

ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಯ ಮುಂಗೋಣೆಯಲ್ಲಿ ಮಷಿನ್ ಹಾಕಿಕೊಂಡು ಕೂತವಳು. ಅಣ್ಣ ಬೆಟ್ಟಪ್ಪನದು ಹಿಟ್ಟಿನ ಗಿರಣಿ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವನು ಅಚಲ, ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು ಧಾತ್ರಿ. ಅಚಲನಿಗೆ ಅಕ್ಷರ ನೀರು ಕುಡಿದಷ್ಟು ಸಲೀಸು. ಬೀದಿಯಲ್ಲಿ ಹೋಗುವವರು ನಿಂತು ಅವನ ಗಲ್ಲ ಹಿಡಿದು ಹೊಗಳಿ ಹೋಗುತ್ತಿದ್ದರು. ಆ ಹುಡುಗ ನಡೆದರೆ ಅಂಗಳದಲ್ಲಿ ಧಪ್ ಧಪ್ ಸದ್ದು ಬರುತ್ತಿತ್ತು. ಧಾತ್ರಿಗೆ ಅಕ್ಷರಗಳು ಜಾಗ ಬದಲಿಸಿಕೊಂಡು ಆಟ ಆಡಿಸುತ್ತಿದ್ದವು. ಹಾಗಂತ ಅವಳನ್ನು ಮನೆಯಲ್ಲಿ ಯಾರೂ ಬೈದವರಲ್ಲ. ಈ ಊರಿನಲ್ಲಿ ಅಷ್ಟು ಬುದ್ಧಿಯಿಲ್ಲದವರು ಕಡಿಮೆ.

ಅವಳು ಮೊದಲ ಸಲ ಎದ್ದದ್ದು ಆರು ವರ್ಷದವಳಿದ್ದಾಗ. ಅತ್ತಿಗೆ ವಸುಂಧರೆಯ ಅಣ್ಣ ತಗ್ಗಿನ ಊರಿನಿಂದ ಬಂದಿದ್ದರು. ಊಟವಾದ ಮೇಲೆ ಮಕ್ಕಳನ್ನು ಕರೆದು ಪೇಪರು ಓದಿಸಿದರು. ಅಚಲ ಗಟಗಟ ಓದಿ ಮುಗಿಸಿದ. ಧಾತ್ರಿ ಒಂದು ಒತ್ತಕ್ಷರಕ್ಕೆ ಸಿಕ್ಕಿಕೊಂಡು ಬೆವರಿದಳು. ನಮ್ಮಣ್ಣ ಬೆಟ್ಟಪ್ಪ ಅವಳ ತಲೆ ಸವರುತ್ತ, ನಿಜವಾಗಿಯೂ ಪ್ರೀತಿಯಿಂದಲೇ, "ಬಿಡಿ ಭಾವ, ಎಲ್ಲಾರೂ ಅಚಲನ ಥರ ಇರಕ್ಕಾಗುತ್ತಾ? ಇವಳು ನಮ್ಮನೆ ದೃಷ್ಟಿಬೊಟ್ಟು" ಅಂದ. ಎಲ್ಲರೂ ನಕ್ಕರು. ಧಾತ್ರಿಯೂ ನಕ್ಕಳು. ನಗುನಗುತ್ತಲೇ ಅವಳ ಹಿಮ್ಮಡಿ ಚಾಪೆಯಿಂದ ಬಿಟ್ಟಿತು, ಆಮೇಲೆ ಬೆರಳು ಬಿಟ್ಟಿತು. ಕಿಟಕಿಯ ಸರಳು ಕೈಗೆ ಸಿಕ್ಕಿದ್ದರಿಂದ ಆವತ್ತು ಉಳಿದುಕೊಂಡಳು. ಅವಳ ಮುಖದಲ್ಲಿ ಆ ನಗು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ.

ಹೊಗಳಿದರೆ ಮುಗಿಯಿತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಅತ್ತಿಗೆಯೂ ಹಾಗೇ ಅಂದುಕೊಂಡಳು. ಬೆಳಿಗ್ಗೆ ಜಡೆ ಹಾಕುವಾಗ ಶುರುಮಾಡುತ್ತಿದ್ದಳು: ನನ್ನ ಬಂಗಾರಿ, ನನ್ನ ರಾಣಿ, ನಿನ್ನಂಥ ಜಾಣೆ ಈ ಊರಲ್ಲೇ ಇಲ್ಲ. ಮಗು ನೆಲಕ್ಕೆ ಅಂಟುತ್ತಿತ್ತು ನಿಜ, ಆದರೆ ಬೀದಿ ತಿರುವು ದಾಟುವಷ್ಟರಲ್ಲಿ ಹೊಟ್ಟು ತುಂಬಿದ ಚೀಲದ ಹಾಗೆ ಮತ್ತೆ ಓಲಾಡುತ್ತಿತ್ತು. ಒಂದು ದಿನ ಧಾತ್ರಿಯೇ ಕೇಳಿದಳು. "ಅಮ್ಮ, ಜಾಣೆ ಅಂದ್ರೆ ಓದೋಳು ತಾನೇ? ನಂಗೆ ಓದಕ್ಕೇ ಬರಲ್ವಲ್ಲ?" ಅತ್ತಿಗೆಯ ಕೈಯಲ್ಲಿ ಜಡೆ ನಿಂತಿತು. ಅವಳು ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದಳು.

ಶಾಲೆಯಲ್ಲಿ ಹಗುರದ ಮಕ್ಕಳನ್ನು ಕಿಟಕಿಯಿಂದ ದೂರ, ಒಳಗೋಡೆಯ ಪಕ್ಕ ಕೂರಿಸುತ್ತಾರೆ. ಗಾಳಿಗೆ ಹಾರಿಹೋಗದಿರಲಿ ಎಂದು ಮಾಡಿದ್ದು, ಮೇಷ್ಟ್ರುಗಳ ಮನಸ್ಸಿನಲ್ಲಿ ಬೇರೇನೂ ಇಲ್ಲ. ಆದರೆ ಮಕ್ಕಳು ಅವರಿಗೆ ಗೋಡೆಯೋರು ಅಂತ ಹೆಸರಿಟ್ಟಿದ್ದರು. ಧಾತ್ರಿ ಐದನೇ ಕ್ಲಾಸಿನಲ್ಲಿ ಗೋಡೆಯವಳಾದಳು. ಪ್ರಶ್ನೆ ಕೇಳುವಾಗ ಮೇಷ್ಟ್ರ ಬೆರಳು ಕಿಟಕಿ ಕಡೆಯಿಂದ ಶುರುವಾಗಿ ಗೋಡೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತಂತೆ. ಮೊದಮೊದಲು ಅವಳಿಗೆ ಉತ್ತರ ಗೊತ್ತಿರುತ್ತಿತ್ತು. ಬರಬರುತ್ತ, ತನ್ನನ್ನು ಕೇಳುವುದೇ ಇಲ್ಲವಲ್ಲ ಎಂದು ಯೋಚಿಸುವುದನ್ನೇ ಬಿಟ್ಟಳು. ಆಮೇಲೆ ಒಮ್ಮೆ ಕೇಳಿದಾಗ ನಿಜವಾಗಿಯೂ ಗೊತ್ತಿರಲಿಲ್ಲ. ಆ ವರ್ಷ ಅವಳ ಲಂಗಕ್ಕೆ ನಾನು ಹೊಸದಾಗಿ ಜೇಬುಗಳನ್ನು ಸೇರಿಸಬೇಕಾಯಿತು.

ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಯಾರ ಬಿಂದಿಗೆ ಕಂಡರೂ ಹೊತ್ತುಕೊಡುವುದು, ಯಾರ ಕೂಸು ಅತ್ತರೂ ಎತ್ತಿಕೊಳ್ಳುವುದು, ಗೆಳತಿಯರ ಚೀಲವನ್ನೆಲ್ಲ ತನ್ನ ಹೆಗಲಿಗೆ ಹಾಕಿಕೊಳ್ಳುವುದು. "ಎಷ್ಟು ಒಳ್ಳೆ ಹುಡುಗಿ!" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವಳ ಅಂಗಾಲು ನೆಲ ತಬ್ಬುವುದನ್ನು ನಾನೇ ಕಂಡಿದ್ದೇನೆ. ಆದರೆ ಆ ತೂಕ ಮುಂದಿನ ಊಟದವರೆಗೂ ಬಾಳುತ್ತಿರಲಿಲ್ಲ. ಇನ್ನೊಂದು ಮಾತಿಗಾಗಿ ಇನ್ನೊಂದು ಮನೆ. ಕೂತಲ್ಲಿ ಕೂರದ ಹುಡುಗಿಯಾದಳು. ತಟ್ಟೆಯ ಮುಂದೆಯೂ ಮೊಣಕಾಲು ಅಲ್ಲಾಡುತ್ತಿತ್ತು. ಯಾರೊಡನೆ ಮಾತಾಡಿದರೂ ಮೊದಲು ಅವರ ಹುಬ್ಬು ನೋಡುತ್ತಿದ್ದಳು, ಆಮೇಲೆ ಬಾಯಿ ತೆರೆಯುತ್ತಿದ್ದಳು.

ಹಬ್ಬಕ್ಕೆ ಬಟ್ಟೆ ಹೊಲಿಯಲು ಎರಡು ತಾನು ಅವಳ ಮುಂದೆ ಹರಡಿ, "ಯಾವ್ದು ಬೇಕೇ?" ಎಂದು ಕೇಳಿದೆ. ಒಂದು ಅರಿಸಿನದ ಬಣ್ಣ, ಒಂದು ನೇರಳೆ.

"ನಿಂಗೆ ಯಾವ್ದು ಇಷ್ಟ ಅತ್ತೆ?"

"ನಾನು ಉಡ್ತೀನೇನೇ? ನಿಂಗೆ ಯಾವ್ದು ಇಷ್ಟ ಅದ್ನ ಹೇಳು."

ಎರಡನ್ನೂ ಮುಟ್ಟಿದಳು, ಬಿಟ್ಟಳು, ನನ್ನ ಮುಖ ನೋಡಿದಳು. "ಯಾವ್ದು ಚೆನ್ನಾಗಿದೆ ಅಂತಾರೋ ಅದು."

"ಯಾರಂತಾರೆ?"

"ಯಾರಾದ್ರೂ" ಅಂದಳು. ದನಿಯಲ್ಲಿ ಎಂಥ ಗಾಬರಿಯಿತ್ತೆಂದರೆ ನಾನು ಬಟ್ಟೆ ಮಡಚಿ ಒಳಗಿಟ್ಟುಬಿಟ್ಟೆ. ಅವಳಿಗೆ ನಿಜಕ್ಕೂ ಯಾವುದು ಇಷ್ಟವೆಂದು ಅವಳಿಗೇ ಗೊತ್ತಿರಲಿಲ್ಲ.

ಹದಿಮೂರಕ್ಕೆ ಬಂದಾಗ ಶಿಲ್ಪ ಅನ್ನುವ ಹುಡುಗಿಯ ಗುಂಪು ಅವಳನ್ನು ಸೇರಿಸಿಕೊಂಡಿತು. ಶಿಲ್ಪ ಕಿಟಕಿ ಪಕ್ಕ ಕೂರುವವಳು, ಎದೆಯೆತ್ತಿ ನಡೆಯುವವಳು. ಅವಳು ಜಡೆಯನ್ನು ಎಡಕ್ಕೆ ಹಾಕಿಕೊಂಡರೆ ಎಲ್ಲರ ಜಡೆಯೂ ಎಡಕ್ಕೆ, ಅವಳು ಮಜ್ಜಿಗೆ ಬಿಟ್ಟರೆ ಎಲ್ಲರೂ ಮಜ್ಜಿಗೆ ಬಿಟ್ಟರು. ಧಾತ್ರಿ ಆ ಕೆಲವು ತಿಂಗಳು ಕಲ್ಲೇ ಇಲ್ಲದೆ ಶಾಲೆಗೆ ಹೋದಳು. ಅತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಒಂದು ಮಧ್ಯಾಹ್ನ ಆಟದ ಬಯಲಿನಲ್ಲಿ ಓಡುವಾಗ ಶಿಲ್ಪಳ ಲಂಗ ತಂತಿಗೆ ಸಿಕ್ಕಿ ಸೊಂಟದಿಂದ ಮಂಡಿಯವರೆಗೆ ಹರಿಯಿತು. ಒಳಗಿನಿಂದ ಕಲ್ಲುಗಳು ದಬದಬ ಉದುರಿದವು. ಎಲ್ಲರೂ ನೋಡಿದರು. ಶಿಲ್ಪಳ ಲಂಗಕ್ಕೂ ಜೇಬು ಹೊಲಿದವಳು ನಾನೇ, ಆದರೆ ಹೊಲಿಗೆಯವಳ ಬಾಯಿ ಹೊಲಿದಿರಬೇಕು, ಯಾರಿಗೂ ಹೇಳಿರಲಿಲ್ಲ. ಧಾತ್ರಿ ಯೋಚಿಸದೆ ಮಂಡಿಯೂರಿ ಕಲ್ಲುಗಳನ್ನು ಆರಿಸಿ, ತನ್ನ ದಾವಣಿಯಲ್ಲಿ ಕಟ್ಟಿ, ಶಿಲ್ಪಳ ಕೈಗೆ ಕೊಟ್ಟಳು. "ಬೇಗ ಹಿಡ್ಕೊ, ಗಾಳಿ ಬರ್ತಿದೆ." ಶಿಲ್ಪ ಅದನ್ನು ಇಸಿದುಕೊಂಡಳು. ಮರುದಿನದಿಂದ ಅವಳು ಧಾತ್ರಿಯೊಡನೆ ಮಾತಾಡಲಿಲ್ಲ. ಶಿಲ್ಪ ಮಾತಾಡದ ಮೇಲೆ ಯಾರೂ ಮಾತಾಡಲಿಲ್ಲ.

ಬೈದರೆ ಮಕ್ಕಳು ಏಳುತ್ತಾರೆ, ಅದು ನಮಗೆಲ್ಲ ಗೊತ್ತು. ಆದರೆ ಎದುರಿಗಿದ್ದೂ ಇಲ್ಲದಂತೆ ನಡೆದುಕೊಂಡರೆ ಏನಾಗುತ್ತದೆಂದು ನಾನು ಆ ವಾರ ಕಂಡೆ. ಧಾತ್ರಿ ದಾರಿಯಲ್ಲಿ ಗುಂಪಿನ ಹಿಂದೆ ಹಿಂದೆ ನಡೆಯುವಳು, ಅವರು ನಿಂತರೆ ನಿಲ್ಲುವಳು, ಅವರು ನಕ್ಕರೆ ಕಾರಣ ತಿಳಿಯದೆ ನಗುವಳು. ಜೇಬಿನ ತುಂಬ ಕಲ್ಲು ತುಂಬಿಕೊಂಡರೂ ಚಪ್ಪಲಿ ನೆಲ ಸವರುತ್ತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ, ಊಟದ ಗಂಟೆಯಲ್ಲಿ, ಅವಳು ಡಬ್ಬಿ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತಳಂತೆ. ಅವರು ಎದ್ದು ಇನ್ನೊಂದು ಮರದ ಕೆಳಗೆ ಕೂತರಂತೆ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಧಾತ್ರಿ ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ಶಾಲೆಯ ಹೆಂಚಿನ ಮೇಲಿಂದ ಹಾಯ್ದು ಹೋದಳು.

ಸುದ್ದಿ ಬಂದಾಗ ಅಣ್ಣ ಗಿರಣಿ ನಿಲ್ಲಿಸಿ ಸ್ಕೂಟರ್ ತೆಗೆದ. ನಾನು ಹಿಂದೆ ಹತ್ತಿಕೊಂಡೆ. ಬಲೆಯ ಹತ್ತಿರ ಹೋಗುವಷ್ಟರಲ್ಲಿ ಕಂಬಯ್ಯ ಅವಳನ್ನು ಅರ್ಧ ಇಳಿಸಿಯಾಗಿತ್ತಂತೆ. ಆದರೆ ಮುಖ ನೋಡಿ, "ಓ, ನೀನು ಬೆಟ್ಟಪ್ಪೋರ ಮಗಳಲ್ವಾ? ಆ ಜಾಣನ ತಂಗಿ!" ಅಂದದ್ದೇ ತಡ, ದೋಟಿಯಿಂದ ಜಾರಿ ಮತ್ತೆ ಮೇಲಕ್ಕೆ ಹೋಗಿದ್ದಳು. ಅವನು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಬಲೆಯ ಮೇಲಂಚಿನಲ್ಲಿ ಧಾತ್ರಿ ಬೆನ್ನು ಒತ್ತಿಕೊಂಡು ಗಾಳಿಗೆ ಅದುರುತ್ತಿದ್ದಳು. ಆಚೆ ಕೊರಕಲು.

ಅಣ್ಣ ಕೈಯೆತ್ತಿ ಕೂಗಿದ. "ಧಾತ್ರೀ! ನೀನು ನನ್ನ ಚಿನ್ನ ಕಣಮ್ಮ! ನಿನ್ನಂಥ ಜಾಣೆ ಯಾರಿದಾರೆ? ನೀನೇ ನಮ್ಮನೆ ಲಕ್ಷ್ಮಿ!"

ಬಲೆ ಉಬ್ಬಿತು. ಅವಳು ಇನ್ನೂ ಒಂದು ಗೇಣು ಮೇಲೆ ಹೋದಳು.

"ಸುಮ್ನಿರಪ್ಪಾ!" ಎಂದು ಅವಳು ಅಲ್ಲಿಂದ ಕಿರುಚಿದಳು. ಆ ಹುಡುಗಿ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅದೆಲ್ಲ ಹೇಳ್ಬೇಡ! ಸುಳ್ಳು ಹೇಳಿದ್ರೆ ಇನ್ನೂ ಮೇಲೆ ಹೋಗ್ತೀನಿ!"

"ಸುಳ್ಳಲ್ಲ ಕಣೇ..."

"ಹಂಗಾದ್ರೆ ಹೇಳು, ನಾನು ಎಂಥೋಳು? ಅಚಲನ ತಂಗಿ ಅಂತ ಅಲ್ಲ. ದೃಷ್ಟಿಬೊಟ್ಟು ಅಂತ ಅಲ್ಲ. ನಾನು ಎಂಥೋಳು? ನಿಜ ಹೇಳು!"

ಅಣ್ಣನ ಅಂಗಿಯೊಳಗೆ ಗಾಳಿ ತುಂಬಿ ಪಟಪಟ ಬಡಿಯುತ್ತಿತ್ತು. ಅವನು ನನ್ನ ಕಡೆ ತಿರುಗಿದ. ಕೊನೆಗೆ ಎತ್ತಿದ ಕೈ ಇಳಿಸಿದ. "ಗೊತ್ತಿಲ್ಲ ಮಗಳೇ" ಅಂದ. "ನಾನು ನಿನ್ನ ಸರಿಯಾಗಿ ನೋಡೇ ಇಲ್ಲ."

ನನಗೆ ಜೀವ ಹಾರಿತು. ಇದೇನು ಹೇಳಿಬಿಟ್ಟ, ಬಲೆ ಹರಿದೇ ಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬಲೆಯ ಉಬ್ಬು ತಗ್ಗಿತ್ತು. ಧಾತ್ರಿ ಜೋರಾಗಿ ಅಳುತ್ತಿದ್ದಳು, ಅಳುತ್ತಲೇ ಇಳಿಯುತ್ತಿದ್ದಳು. ಕಂಬಯ್ಯನ ದೋಟಿ ಅವಳ ಕಾಲರಿಗೆ ಎಟುಕಿತು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅಣ್ಣ ಅವಳನ್ನು ಗಿರಣಿಗೆ ಕರೆದುಕೊಂಡು ಹೋದ. ಅತ್ತಿಗೆ ರೇಗಿದಳು. "ಓದೋ ಮಗೂನ ಹಿಟ್ಟಲ್ಲಿ ಹೊರಳಾಡಿಸ್ತೀರಾ?" ಅಣ್ಣ, "ನೋಡ್ಬೇಕಲ್ಲ ವಸು, ಅದಕ್ಕೆ" ಅಂದ, ಅಷ್ಟೇ. ಬೆಲ್ಟಿನ ಹತ್ತಿರ ಬಿಡುತ್ತಿರಲಿಲ್ಲ. ಡಬ್ಬಗಳನ್ನು ಸಾಲಾಗಿ ಇಡುವುದು, ಯಾರದು ಯಾವುದೆಂದು ನೆನಪಿಟ್ಟುಕೊಳ್ಳುವುದು, ಚೆಲ್ಲಿದ ಹಿಟ್ಟು ಗುಡಿಸುವುದು. ರಾತ್ರಿ ಊಟಕ್ಕೆ ಕೂತಾಗ ಅವನು ತಾನು ಕಂಡದ್ದನ್ನು ಹೇಳುತ್ತಿದ್ದ. ಅವನಿಗೂ ಅದು ಹೊಸದು, ತಡವರಿಸುತ್ತಿದ್ದ.

"ಇವತ್ತು ನೀನು ಜೋಳದ ಡಬ್ಬಾನ ರಾಗಿ ಸಾಲಲ್ಲಿ ಇಟ್ಟೆ. ಆಮೇಲೆ ನೀನೇ ನೋಡಿ ತೆಗ್ದೆ. ಸರದಿ ತಪ್ಪಿಸಿ ಬಂದ ಆಯಮ್ಮ ಬೈದ್ರೂ ಅಲ್ಲೇ ನಿಂತಿದ್ದೆ."

ಧಾತ್ರಿ ತುತ್ತು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. "ಅಷ್ಟೇನಾ?"

"ಅಷ್ಟೇ."

ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಕೊನೆಯಲ್ಲಿ ಒಂದು ಶಭಾಷ್ ಬರುತ್ತದೆಂದು ಕಾದು, ಬರದಿದ್ದಾಗ ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದಳು. ಕೆಲವು ಸಲ ಎರಡು ಗೇಣು ಎದ್ದು ತೇಲಿಕೊಂಡೇ ಹೋಗುತ್ತಿದ್ದಳು. ಅಣ್ಣ ಬಿಡಲಿಲ್ಲ. ಇವತ್ತು ನೀನು ಒಬ್ಬಳೇ ಹಾಡಿಕೊಳ್ಳುತ್ತಿದ್ದೆ. ಇವತ್ತು ತೂಕದವನಿಗೆ ಸುಳ್ಳು ಹೇಳಿದೆ. ಇವತ್ತು ಶಿಲ್ಪಳ ತಾಯಿ ಬಂದಾಗ ಒಳಗೆ ಹೋಗಿ ಅಡಗಿಕೊಂಡೆ. ಒಳ್ಳೆಯದು ಕೆಟ್ಟದ್ದು ಎಂದು ಬಿಡಿಸದೆ, ಕಂಡದ್ದನ್ನು ಕಂಡಂತೆ.

ಹೀಗೆ ಸುಮಾರು ತಿಂಗಳುಗಳಾದ ಮೇಲೆ ಒಂದು ರಾತ್ರಿ ಅವನು, "ಇವತ್ತು ಗಿರಣಿಗೆ ಬಂದಿದ್ದ ಕಾಂಟ್ರಾಕ್ಟರ್ ಕೂಗಾಡಿದಾಗ ನೀನು ಹೆದರ್ಕೊಂಡೆ" ಅಂದ.

ಧಾತ್ರಿ ತಟ್ಟೆಯಿಂದ ತಲೆಯೆತ್ತಿದಳು. "ಇಲ್ಲಪ್ಪ. ನಂಗೆ ಹೆದರಿಕೆ ಆಗಿರ್ಲಿಲ್ಲ. ಕೋಪ ಬಂದಿತ್ತು."

"ಕೈ ನಡುಗ್ತಿತ್ತಲ್ಲೇ?"

"ಕೋಪ ಬಂದ್ರೂ ನಂಗೆ ಕೈ ನಡುಗುತ್ತೆ. ನಿಂಗೆ ಹೊರಗಿಂದ ಹಂಗೆ ಕಂಡಿರ್ಬೇಕು."

ಅಣ್ಣ ಅವಳ ಕೈಯತ್ತ ನೋಡಿದ. "ಹೌದಾ" ಅಂದ. "ನಂಗೆ ಗೊತ್ತಾಗ್ಲಿಲ್ಲ." ಧಾತ್ರಿ ಮತ್ತೆ ಊಟಕ್ಕೆ ಬಗ್ಗಿದಳು. ಅವಳ ಮೊಣಕಾಲು ಅಲ್ಲಾಡುವುದು ನಿಂತಿತ್ತು. ನಾನು ಗಮನಿಸಿದ್ದು ಆಮೇಲೆ.

ಆಮೇಲೂ ಅವಳು ಏಳುತ್ತಿದ್ದಳು. ಶಾಲೆಯಲ್ಲಿ ಯಾರೋ ಏನೋ ಅಂದಿರುತ್ತಿದ್ದರು, ಅಥವಾ ಯಾರೂ ಏನೂ ಅನ್ನದೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತಿರುತ್ತಿದ್ದಳು. ಆದರೆ ಮೊದಲಿನಂತೆ ಕೂಗಿ ಕರೆಯುತ್ತಿರಲಿಲ್ಲ. ಜಂತೆಗೆ ಬೆನ್ನು ತಾಗಿಸಿಕೊಂಡು, ತುಟಿ ಅಲ್ಲಾಡಿಸುತ್ತ ಏನೋ ಗೊಣಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಇಳಿದು ಬಂದು ನೀರು ಕುಡಿಯುತ್ತಿದ್ದಳು. ಇಂಥದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಕೆಳಗಿನಿಂದ ಯಾರಾದರೂ ಹೇಳಬೇಕು, ಮಗು ಇಳಿಯಬೇಕು. ತನ್ನ ವಿಷಯ ತಾನೇ ಹೇಳಿಕೊಳ್ಳುವುದು ಜಂಬ, ಅದಕ್ಕೆ ಹತ್ತಿಯಷ್ಟೂ ತೂಕವಿಲ್ಲ ಎಂದೇ ನಮ್ಮ ಹಿರಿಯರು ಹೇಳಿದ್ದು. ಅತ್ತಿಗೆಗೆ ದಿಗಿಲು. "ಹುಡುಗಿ ತನ್ನಷ್ಟಕ್ಕೆ ತಾನೇ ಮಾತಾಡ್ತಾಳೆ ಶೈಲಾ, ಯಾರಿಗಾದ್ರೂ ತೋರ್ಸೋಣ್ವಾ?" ಹದಿನಾರು ಹತ್ತಿರ ಬರುತ್ತಿದೆ, ಕಾಲು ಇನ್ನೂ ಕಚ್ಚಿಲ್ಲ ಎಂಬ ಚಿಂತೆ ಅದರ ಹಿಂದೆ. ತಗ್ಗಿನ ಊರಿನ ತನ್ನ ಅಣ್ಣನಿಗೆ ಅತ್ತಿಗೆ ಮೆಲ್ಲಗೆ ಹೇಳಿಕಳಿಸಿಯೂ ಇದ್ದಳು, ಹಿಂದಿನ ಕೋಣೆ ಖಾಲಿಯಿದೆಯಾ ಎಂದು.

ಅಚಲನ ಬಗ್ಗೆ ಯಾರೂ ಚಿಂತಿಸಿರಲಿಲ್ಲ. ಅವನ ಕಾಲು ಯಾವತ್ತು ನೆಲ ಬಿಟ್ಟಿತ್ತು? ಹದಿನಾರು ದಾಟಿದರೂ ಅದು ಕಚ್ಚಿದೆಯೋ ಇಲ್ಲವೋ ಎಂದು ನೋಡಿದವರಿಲ್ಲ. ಅದು ಅವನ ದೊಡ್ಡ ಪರೀಕ್ಷೆಯ ವರ್ಷ. ಸೀಮೆಗೇ ಮೊದಲಿಗನಾಗುತ್ತಾನೆ ಎಂದು ಊರೇ ತೀರ್ಮಾನಿಸಿಯಾಗಿತ್ತು. ಮಿಠಾಯಿ ಅಂಗಡಿಯವನು ಹಾರ ಹಾಕುವ ದಿನ ಯಾವುದೆಂದು ಕೇಳಿಕೊಂಡು ಹೋಗಿದ್ದ. ಫಲಿತಾಂಶಕ್ಕೆ ಮೊದಲಿನ ವಾರ ಅಚಲ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಅತ್ತೆ, ಈ ಅಂಗಿಗೆ ಒಳಗಡೆ ಒಂದು ಜೇಬು ಹೊಲ್ಕೊಡ್ತೀಯಾ?"

"ನಿಂಗ್ಯಾಕೋ?"

"ಪೆನ್ನಿಗೆ." ಬೆರಳಿನಿಂದ ಬಾಗಿಲ ಚೌಕಟ್ಟು ತಟ್ಟುತ್ತಲೇ ಇದ್ದ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಓದಿ ದಣಿದಿದ್ದಾನೆ ಎಂದುಕೊಂಡು ಹೊಲಿದುಕೊಟ್ಟೆ.

ಫಲಿತಾಂಶವನ್ನು ಶಾಲೆಯ ಹೊರಗೋಡೆಗೆ ಅಂಟಿಸಿದ್ದು ಮಧ್ಯಾಹ್ನ, ಗಾಳಿ ಎದ್ದ ಮೇಲೆ. ಅವನು ಫೇಲಾಗಿರಲಿಲ್ಲ. ಚೆನ್ನಾಗಿಯೇ ಪಾಸಾಗಿದ್ದ. ಆದರೆ ಅವನ ಹೆಸರು ಮೇಲಿನ ಸಾಲಿನಲ್ಲಿರಲಿಲ್ಲ, ಅದರ ಕೆಳಗೂ ಇರಲಿಲ್ಲ. ಜನರ ನಡುವೆ ನಿಂತು ಅವನು ತನ್ನ ಹೆಸರನ್ನು ಕೆಳಗೆ ಕೆಳಗೆ ಹುಡುಕಬೇಕಾಯಿತು. ಸುತ್ತ ಗದ್ದಲ ನಿಂತಿತು. ಯಾರೋ ಹಿರಿಯರು ಅವನ ಬೆನ್ನು ತಟ್ಟಿ, "ಪರ್ವಾಗಿಲ್ಲ ಬಿಡಪ್ಪ" ಅಂದರು. ಅಷ್ಟೇ ಅಂದದ್ದು.

ದಾರ ಕಡಿದ ಗಾಳಿಪಟ ಹೋದ ಹಾಗೆ ಹೋದ. ಸಣ್ಣಂದಿನಿಂದ ಸ್ವಲ್ಪ ಸ್ವಲ್ಪ ಎದ್ದು ಅಭ್ಯಾಸವಿದ್ದ ಮಕ್ಕಳು ಮರ, ಸೂರು, ಕಂಬ ಏನಾದರೂ ಹಿಡಿದುಕೊಳ್ಳುತ್ತಾರೆ. ಇವನಿಗೆ ಏನೂ ಗೊತ್ತಿರಲಿಲ್ಲ. ಕೈಕಾಲು ಬಿಗಿದುಕೊಂಡು ನೆಟ್ಟಗೆ ಮೇಲಕ್ಕೆ ಹೋದ, ಆಮೇಲೆ ಮೂಡಲಿಗೆ. ನಾವೆಲ್ಲ ಬಲೆಯ ಕಡೆ ಓಡಿದೆವು. ಅವನು ಬಲೆಗಿಂತ ಎಷ್ಟೋ ಎತ್ತರದಲ್ಲಿ ಬರುತ್ತಿದ್ದ. ಕಂಬಯ್ಯ ದೋಟಿ ಎತ್ತಿ ಹಿಡಿದು ಸುಮ್ಮನೆ ನಿಂತುಬಿಟ್ಟ. ಅಂಥ ಎತ್ತರಕ್ಕೆ ಹೋಗುವವರಿಗೆಂದು ನಾವು ಏನೂ ಕಟ್ಟಿರಲಿಲ್ಲ.

ಅತ್ತಿಗೆ ನೆಲಕ್ಕೆ ಕುಸಿದಳು. ಅಣ್ಣ ಎಲ್ಲವನ್ನೂ ಮರೆತು ಕೂಗಿದ, "ಅಚಲಾ! ನೀನು ನಮ್ಮನೆ ಕಣ್ಣು ಕಣೋ! ಊರಿಗೇ ಜಾಣ ಕಣೋ!" ಆ ಮಾತು ತಲುಪಿದ್ದೇ ಹುಡುಗ ಇನ್ನೂ ಚಿಕ್ಕದಾಗಿ ಕಂಡ.

ಧಾತ್ರಿ ಗಿರಣಿಯಿಂದ ಓಡಿಬಂದಿದ್ದಳು, ತಲೆಯ ತುಂಬ ಹಿಟ್ಟು. ಮೇಲೆ ಒಮ್ಮೆ ನೋಡಿದಳು. ಕಂಬಕ್ಕೆ ಬಡಿದ ಮೆಟ್ಟಿಲು ಮೊಳೆಗಳನ್ನು ಹಿಡಿದು ಹತ್ತತೊಡಗಿದಳು. ನಾನು ಅವಳ ಲಂಗ ಜಗ್ಗಿದೆ. "ಎಲ್ಲಿಗೇ?"

"ಮೇಲಕ್ಕೆ."

"ಹೆಂಗೇ ಹೋಗ್ತೀಯಾ?"

"ಮೇಲೆ ಹೋಗೋದು ನಂಗೇನ್ ಕಷ್ಟ ಅತ್ತೆ?" ಉಸಿರು ಏರಿತ್ತು, ಆದರೂ ತುಟಿಯಂಚಿನಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ಐದನೇ ಕ್ಲಾಸು ನೆನಪು ಮಾಡ್ಕೊಂಡ್ರೆ ಸಾಕು."

ಕಂಬದ ತುದಿಯಲ್ಲಿ ನಿಂತು ಕಣ್ಣು ಮುಚ್ಚಿದಳು. ಅವಳ ಮುಖ ಹಿಂಡಿಕೊಂಡಿತು. ಗೋಡೆಯ ಪಕ್ಕದ ಜಾಗ, ಎದ್ದು ಹೋದ ಗೆಳತಿಯರು, ನಮ್ಮ ಮನೆಯ ಚಾಪೆಯ ಮೇಲಿನ ನಗು, ಯಾವುದನ್ನೆಲ್ಲ ಕರೆದಳೋ ನನಗೆ ಗೊತ್ತಿಲ್ಲ. ಕಾಲು ಬಿಟ್ಟಿತು. ಗಾಳಿ ಅವಳನ್ನು ಎತ್ತಿಕೊಂಡು ಹೋಯಿತು.

ಅವಳಿಗೆ ಗಾಳಿಯಲ್ಲಿ ತಿರುಗುವುದು, ಓರೆಯಾಗುವುದು ಎಲ್ಲ ಗೊತ್ತಿತ್ತು. ವರ್ಷಗಳ ಅಭ್ಯಾಸ. ಕೊರಕಲಿನ ನಡುಮಧ್ಯ ಅವನನ್ನು ಮುಟ್ಟಿದಳು. ಅವನು ಹೆದರಿಕೆಯಲ್ಲಿ ಕಾಲು ಝಾಡಿಸುತ್ತಿದ್ದ. ಮೊದಲು ಪಾದ ಸಿಕ್ಕಿತು, ಜಾರಿತು, ಆಮೇಲೆ ಸೊಂಟ ಸಿಕ್ಕಿತು. ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಅಲ್ಲಿಂದ ಇಬ್ಬರೂ ಇನ್ನೂ ಮೇಲಕ್ಕೆ ಹೋದರು. ಅಣ್ಣ ನನ್ನ ಭುಜ ಹಿಡಿದುಕೊಂಡ ಬಿಗಿ ಎಷ್ಟಿತ್ತೆಂದರೆ ಗುರುತು ಒಂದು ವಾರ ಉಳಿಯಿತು. ಅಷ್ಟು ದೂರಕ್ಕೆ ಅವಳ ಮುಖ ಕಾಣದು. ಗದ್ದ ಅಲ್ಲಾಡುತ್ತಿರುವುದು ಮಾತ್ರ ಕಂಡಂತಾಯಿತು. ಏರುವುದು ನಿಂತಿತು. ಆಡಿಕೊಂಡು, ಓಲಾಡಿಕೊಂಡು, ಒಮ್ಮೆ ಗಾಳಿಯ ಹೊಡೆತಕ್ಕೆ ಮತ್ತೆ ಎದ್ದು, ಇಳಿಯತೊಡಗಿದರು.

ಆಚೆ ದಡದ ಹುರುಳಿ ಹೊಲದ ಬೇಲಿಗೆ ಬಿದ್ದಿದ್ದರು. ನಾವು ಕೊರಕಲು ಸುತ್ತಿಕೊಂಡು ಹೋಗುವಷ್ಟರಲ್ಲಿ ಅಚಲ ಮುಳ್ಳಿನ ನಡುವೆ ಮುದುಡಿ ಕೂತಿದ್ದ. ಧಾತ್ರಿ ಅವನ ಅಂಗಿಯ ತುದಿಯನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದಿದ್ದಳು. ಅಣ್ಣ ಓಡಿಹೋಗಿ ಬಾಯಿ ತೆರೆದ. ಧಾತ್ರಿ ಕಣ್ಣಲ್ಲೇ ತಡೆದಳು. ಅವನು ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಎಡಗಾಲಲ್ಲಿ ರಕ್ತ ಬರ್ತಿದೆ ಕಣೋ" ಅಂದ.

ಅಚಲ ತನ್ನ ಕಾಲನ್ನು ಬೇರೆಯವರ ಕಾಲಿನಂತೆ ನೋಡಿದ. "ಹೂಂ."

"ನೋಯ್ತಿದೆಯಾ?"

"ನೋಯ್ತಿದೆ ಅಪ್ಪ" ಅಂದ. ಅಂದವನೇ ಅಪ್ಪನ ಹೆಗಲಿಗೆ ತಲೆಯಿಟ್ಟು ಬಿಕ್ಕಿದ. ಅತ್ತಿಗೆ ಬಂದು ಅವನ ಪಾದದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಗಾಳಿ ಬೀಸುತ್ತಲೇ ಇತ್ತು. ಅವನು ಅಲ್ಲೇ ಕೂತಿದ್ದ.

ನಾನು ಧಾತ್ರಿಯ ಕೂದಲಿನಿಂದ ಹಿಟ್ಟು, ಕಸ ಕೊಡವಿದೆ. "ಮೇಲೆ ಅವನಿಗೆ ಏನ್ ಹೇಳ್ದೆ?" ಎಂದು ಕೇಳಿದೆ.

"ಅವನಿಗೇನೂ ಹೇಳ್ಲಿಲ್ಲ ಅತ್ತೆ. ಅವನು ಯಾರ ಮಾತೂ ಕೇಳೋ ಹಂಗಿರ್ಲಿಲ್ಲ. ಗಟ್ಟಿಯಾಗಿ ಹಿಡ್ಕೊಂಡೆ. ನಂಗೆ ನಾನೇ ಹೇಳ್ಕೊಂಡೆ."

"ಏನಂತ?"

ಅವಳು ನನ್ನ ಹುಬ್ಬು ನೋಡಲಿಲ್ಲ. ಕೊರಕಲಿನ ಆಚೆ, ಊರಿನ ಹೆಂಚುಗಳ ಕಡೆ ನೋಡುತ್ತಿದ್ದಳು. "ಅದು ನಂಗೂ ನಂಗೂ ಮಧ್ಯದ್ದು" ಅಂದಳು.

ವಾಪಸು ಬರುವಾಗ ಅಚಲ ಒಂದು ಕಡೆ ಅಪ್ಪನನ್ನೂ ಇನ್ನೊಂದು ಕಡೆ ತಂಗಿಯನ್ನೂ ಊರಿಕೊಂಡು ಕುಂಟುತ್ತಿದ್ದ. ಬಲೆಯ ಹತ್ತಿರ ಊರಿಗೆ ಊರೇ ನೆರೆದಿತ್ತು. ಮೇಷ್ಟ್ರುಗಳಿದ್ದರು, ಮಿಠಾಯಿ ಅಂಗಡಿಯವನಿದ್ದ, ಶಿಲ್ಪಳೂ ಅವಳ ತಾಯಿಯೂ ಇದ್ದರು. ಧಾತ್ರಿ ಕಂಡದ್ದೇ ಎಲ್ಲರ ಬಾಯಿ ಒಮ್ಮೆಲೇ ತೆರೆಯಿತು. ಎಂಥ ಧೈರ್ಯವಂತೆ! ಇವಳು ಹುಡುಗಿಯಲ್ಲ, ದೇವತೆ! ನಮ್ಮೂರಿನ ಮುತ್ತು! ಹೊಗಳಿಕೆ ಮಳೆಯಂತೆ ಸುರಿಯಿತು. ಕೆಲವರು ಅವಳ ಕೆನ್ನೆ ಮುಟ್ಟಲು ಕೈ ಚಾಚಿ ದಾರಿಗೆ ಅಡ್ಡ ಬಂದರು.

ಧಾತ್ರಿ ಅಚಲನ ತೋಳನ್ನು ಸರಿಮಾಡಿ ತನ್ನ ಹೆಗಲ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಸ್ವಲ್ಪ ದಾರಿ ಬಿಡ್ರಿ" ಅಂದಳು. "ಅವನಿಗೆ ಕಾಲು ನೋಯ್ತಿದೆ."